ಕಂತು ತಪ್ಪಿಸದ ಕಥೆಗಾರ: ಜೂಲ್ಸ್ ವರ್ನ್

ಸಾಲದ ಕಂತಿಗೂ ಧಾರಾವಾಹಿಯ ಕಂತಿಗೂ ಕನ್ನಡದಲ್ಲಿ ಒಂದೇ ಪದ. ನಮ್ಮ ಮನೆಯ ಉರ್ದುವಿನಲ್ಲೂ ಎರಡಕ್ಕೂ ಕಿಸ್ತ್ ಎಂದೇ ಹೇಳುತ್ತೇವೆ. ಎರಡಕ್ಕೂ ನಿಯಮ ಒಂದೇ: ಹೇಳಿದ ದಿನಕ್ಕೆ ಕೊಡಬೇಕು, ಇಲ್ಲದಿದ್ದರೆ ನಂಬಿಕೆ ಹೋಗುತ್ತದೆ. ಸುಮಾರು ನಲವತ್ತು ವರ್ಷ ಈ ನಿಯಮ ಪಾಲಿಸಿದವರು ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್. ನಮ್ಮಲ್ಲಿ ಕೆಲವರು ಈಗ ಮೊಬೈಲಿನಲ್ಲೇ ಕಂತು ಕಂತಾಗಿ ಕಥೆ ಬರೆಯುತ್ತಿದ್ದಾರೆ. ಅವರಿಗೆ ಈ ಜೀವನದಲ್ಲಿ ಕಲಿಯುವುದು ಬಹಳ ಇದೆ.

ವರ್ನ್ ಹುಟ್ಟಿದ್ದು 1828ರ ಫೆಬ್ರವರಿ 8ರಂದು, ಫ್ರಾನ್ಸಿನ ನಾಂತ್ ಎಂಬ ಬಂದರು ನಗರದಲ್ಲಿ. ತಂದೆ ವಕೀಲರು. ಮಗನೂ ವಕೀಲನಾಗಲಿ ಎಂದು ಪ್ಯಾರಿಸ್ಸಿಗೆ ಕಳಿಸಿದರು. ವರ್ನ್ ಕಾನೂನು ಪದವಿ ಪಡೆದರೂ ತಂದೆಯ ಕಚೇರಿ ಬೇಡವೆಂದರು. ನಾಟಕಶಾಲೆಯೊಂದರ ಕಾರ್ಯದರ್ಶಿಯಾದರು, ನಾಟಕ ಬರೆದರು. ಅದರಿಂದ ಹೊಟ್ಟೆ ತುಂಬಲಿಲ್ಲ. 1857ರಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದ ವಿಧವೆ ಹೊನೊರೀನ್ ಅವರನ್ನು ಮದುವೆಯಾದರು. ಸಂಸಾರ ನಡೆಸಲು ಪ್ಯಾರಿಸ್ಸಿನ ಷೇರುಪೇಟೆಯಲ್ಲಿ ದಲ್ಲಾಳಿಯಾದರು. ಕಾಮರ್ಸ್ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು! ಬೆಳಿಗ್ಗೆ ಬೇಗ ಎದ್ದು ಬರೆಯುವುದು, ಆಮೇಲೆ ಪೇಟೆಗೆ ಹೋಗುವುದು, ಬಿಡುವಾದಾಗ ಗ್ರಂಥಾಲಯದಲ್ಲಿ ಕೂತು ಭೂಗೋಳ, ವಿಜ್ಞಾನದ ಟಿಪ್ಪಣಿ ಮಾಡಿಕೊಳ್ಳುವುದು, ಹೀಗೆ ದಿನ ಕಳೆಯುತ್ತಿತ್ತು.

1862ರಲ್ಲಿ ಪ್ರಕಾಶಕ ಪಿಯರ್ ಜೂಲ್ಸ್ ಹೆಟ್ಜೆಲ್ ಅವರ ಪರಿಚಯವಾಯಿತು. ಮರುವರ್ಷ ಬಲೂನಿನಲ್ಲಿ ಆಫ್ರಿಕಾ ದಾಟುವ ಕಾದಂಬರಿ ಹೊರಬಂದು ಹೆಸರು ಮಾಡಿತು. ಆದರೆ ನಂತರ ಕೊಟ್ಟ, ಇಪ್ಪತ್ತನೆಯ ಶತಮಾನದ ಪ್ಯಾರಿಸ್ಸನ್ನು ಕಲ್ಪಿಸಿದ ಹಸ್ತಪ್ರತಿಯನ್ನು ಹೆಟ್ಜೆಲ್ ಖಡಾಖಂಡಿತವಾಗಿ ತಿರಸ್ಕರಿಸಿದರು. ಅದು ಅಚ್ಚಾದದ್ದು 1994ರಲ್ಲಿ! ವರ್ನ್ ಜಗಳವಾಡಿ ಹೊರಡಲಿಲ್ಲ, ಬರವಣಿಗೆ ನಿಲ್ಲಿಸಲೂ ಇಲ್ಲ. 1864ರಲ್ಲಿ ಹೆಟ್ಜೆಲ್ ಮಕ್ಕಳಿಗೂ ಮನೆಮಂದಿಗೂ ಒಂದು ಪಾಕ್ಷಿಕ ಆರಂಭಿಸಿದಾಗ ಅದರಲ್ಲಿ ವರ್ನ್ ಅವರ ಧಾರಾವಾಹಿ ಬಂತು. ವರ್ಷಕ್ಕೆ ಮೂರು ಸಂಪುಟ ಕೊಡುವ ಕರಾರಾಯಿತು.

ಅವರ ಕಥೆಗಳಲ್ಲಿ ಕಲ್ಪನೆ ಎಷ್ಟಿದೆಯೋ ಲೆಕ್ಕವೂ ಅಷ್ಟೇ ಇದೆ. 1865ರಲ್ಲಿ ಅವರು ಫ್ಲಾರಿಡಾದಿಂದ ಮೂವರನ್ನು ಫಿರಂಗಿ ಗುಂಡಿನೊಳಗೆ ಕೂರಿಸಿ ಚಂದ್ರನತ್ತ ಹಾರಿಸಿದರು. ಗುಂಡು ಚಂದ್ರನ ಸುತ್ತ ತಿರುಗುತ್ತಿರುವಾಗಲೇ ಪುಸ್ತಕ ಮುಗಿಸಿದರು. ಆ ಮೂವರು ಏನಾದರು ಎಂದು ತಿಳಿಯಲು ಓದುಗರು 1869ರವರೆಗೆ ಕಾಯಬೇಕಾಯಿತು.

ಎಂಬತ್ತು ದಿನಗಳಲ್ಲಿ ಭೂಮಿ ಸುತ್ತುವ ಕಥೆ 1872ರ ನವೆಂಬರ್ 6ರಿಂದ ಡಿಸೆಂಬರ್ 22ರವರೆಗೆ ಒಂದು ದಿನಪತ್ರಿಕೆಯಲ್ಲಿ ಬಂತು. ಕಥಾನಾಯಕ ಫಿಲಿಯಾಸ್ ಫಾಗ್ ಪಂದ್ಯ ಗೆಲ್ಲಲು ಲಂಡನ್ನಿಗೆ ಮರಳಬೇಕಾದ ದಿನವೂ 1872ರ ಡಿಸೆಂಬರ್ 21. ಓದುಗರ ಮನೆಯ ಕ್ಯಾಲೆಂಡರೂ ಕಥೆಯ ಕ್ಯಾಲೆಂಡರೂ ಜೊತೆಜೊತೆಗೆ ಓಡಿದವು. ಕೊನೆಯ ತಿರುವು ಬರೀ ಗಣಿತ. ಪೂರ್ವಕ್ಕೆ ಹೋಗುವವನಿಗೆ ಒಂದೊಂದು ಡಿಗ್ರಿ ರೇಖಾಂಶಕ್ಕೂ ನಾಲ್ಕು ನಿಮಿಷ ಮೊದಲೇ ಸೂರ್ಯ ಹುಟ್ಟುತ್ತಾನೆ. 360 ಡಿಗ್ರಿಗೆ 1440 ನಿಮಿಷ, ಅಂದರೆ ಪೂರ್ತಿ ಒಂದು ದಿನ. ಸೋತೆನೆಂದುಕೊಂಡ ಫಾಗ್ ಆ ದಿನದಿಂದ ಗೆಲ್ಲುತ್ತಾನೆ.

ಜಲಾಂತರ್ಗಾಮಿಯ ಕ್ಯಾಪ್ಟನ್ ನೆಮೋ ವಿಷಯ ನಮಗೆ ಇನ್ನೂ ಹತ್ತಿರದ್ದು. ರಷ್ಯನ್ನರಿಂದ ಮನೆಮಠ ಕಳೆದುಕೊಂಡ ಪೋಲೆಂಡಿನವನನ್ನಾಗಿ ಅವನನ್ನು ಚಿತ್ರಿಸಲು ವರ್ನ್ ಬಯಸಿದ್ದರು. ಹೆಟ್ಜೆಲ್ ಒಪ್ಪಲಿಲ್ಲ. ಆಗ ವರ್ನ್ ನೆಮೋನ ಊರು, ದೇಶ ಯಾವುದನ್ನೂ ಹೇಳದೆ 1869–70ರಲ್ಲಿ ಕಥೆ ನಡೆಸಿದರು. ನೆಮೋ ಎಂದರೆ ಲ್ಯಾಟಿನ್ನಿನಲ್ಲಿ ಯಾರೂ ಅಲ್ಲ ಎಂದರ್ಥ. ತಡೆಯೇ ಕಥೆಯ ಗುಟ್ಟಾಯಿತು. 1874–75ರ ಇನ್ನೊಂದು ಧಾರಾವಾಹಿಯಲ್ಲಿ ಗುಟ್ಟು ಬಿಟ್ಟುಕೊಟ್ಟರು: ನೆಮೋ ಭಾರತೀಯ. ಬುಂದೇಲಖಂಡದ ರಾಜಕುಮಾರ ದಕ್ಕರ್, ನಮ್ಮ ಟಿಪ್ಪು ಸುಲ್ತಾನರ ಸೋದರಳಿಯ, 1857ರ ದಂಗೆಯಲ್ಲಿ ಎಲ್ಲವನ್ನೂ ಕಳೆದುಕೊಂಡವನು. ಇದು ಇತಿಹಾಸವಲ್ಲ, ಕಲ್ಪನೆ. ಆದರೂ ಶ್ರೀರಂಗಪಟ್ಟಣದ ಹೆಸರು ಫ್ರಾನ್ಸಿನ ಲೇಖಕನ ಮನಸ್ಸಿನಲ್ಲಿ ಎಷ್ಟು ದೂರ ಹೋಗಿತ್ತೆಂದು ಇದರಿಂದ ತಿಳಿಯುತ್ತದೆ. ಈ ಎರಡು ಕಾದಂಬರಿಗಳ ಇಸವಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಪುಸ್ತಕದ ಅಡಿಟಿಪ್ಪಣಿಯಲ್ಲೇ ಅದನ್ನು ಒಪ್ಪಿಕೊಳ್ಳಲಾಗಿದೆ. ಓದುಗರು ಅದನ್ನು ಮನ್ನಿಸಿದರು, ಏಕೆಂದರೆ ನೆಮೋ ಯಾರೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. 1886ರ ಮಾರ್ಚಿನಲ್ಲಿ ಮಾನಸಿಕ ಅಸ್ವಸ್ಥನಾಗಿದ್ದ ತಮ್ಮನ ಮಗ ಹಾರಿಸಿದ ಗುಂಡು ಕಾಲಿಗೆ ತಗುಲಿ ವರ್ನ್ ಜೀವನಪೂರ್ತಿ ಕುಂಟಿದರು. ಅದೇ ತಿಂಗಳು ಹೆಟ್ಜೆಲ್ ತೀರಿಕೊಂಡರು. ವರ್ನ್ ತಾವಿದ್ದ ಅಮಿಯಾಂ ನಗರದ ಸಭೆಗೆ 1888ರಲ್ಲಿ ಆಯ್ಕೆಯಾಗಿ ಊರಿನ ಕೆಲಸವನ್ನೂ ಮಾಡಿದರು. ಬೆಳಗಿನ ಬರವಣಿಗೆ ಮಾತ್ರ ನಿಲ್ಲಲಿಲ್ಲ.

1905ರ ಜನವರಿಯಲ್ಲಿ, ಸಹಾರಾ ಮರುಭೂಮಿಗೆ ಸಮುದ್ರದ ನೀರು ಹರಿಸುವ ಯೋಜನೆಯ ಕಥೆ ಅದೇ ಪಾಕ್ಷಿಕದಲ್ಲಿ ಶುರುವಾಯಿತು. ಮಾರ್ಚ್ 24ರಂದು ವರ್ನ್ ನಿಧನರಾದರು. ಆಗ ಕಥೆ ಅರ್ಧ ದಾರಿಯಲ್ಲಿತ್ತು. ಆದರೂ ಆಗಸ್ಟ್‌ವರೆಗೆ ಕಂತುಗಳು ತಪ್ಪದೆ ಬಂದವು. ಏಕೆಂದರೆ ಅವರು ಪೂರ್ತಿ ಬರೆದೇ ಕೊಟ್ಟಿದ್ದರು. ಕಥೆ ಶುರು ಮಾಡಿ ನಾಲ್ಕನೇ ಕಂತಿಗೆ ಬಿಡುವ ನಮ್ಮ ವಯಸ್ಸಿನವರಿಗೆ ಇಷ್ಟು ಸಾಕು. ಓದುಗರ ಸಾಲವನ್ನು ಅವರು ಬಾಕಿ ಉಳಿಸಿ ಹೋಗಲಿಲ್ಲ.