ಶ್ಲೇಷದ ಮನೆಯ ಯಜಮಾನರು: ದಿವಂಗತ ಟಿ. ಪಿ. ಕೈಲಾಸಂ

ಪರಮಶಿವನು ಕೈಲಾಸದಲ್ಲಿ ವಾಸಿಸುವನೆಂಬುದು ಪುರಾಣಪ್ರಸಿದ್ಧವಾದ ಸಂಗತಿ. ಆದರೆ ಕೈಲಾಸವೇ ಪರಮಶಿವನ ಮನೆಯಲ್ಲಿ ಹುಟ್ಟಿ ಬೆಳೆದ ಪ್ರಸಂಗವೊಂದು ನಮ್ಮ ನಾಡಿನಲ್ಲಿ ನಡೆದಿದೆ. ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿ ಕೀರ್ತಿವಂತರಾದ ತ್ಯಾಗರಾಜ ಪರಮಶಿವ ಅಯ್ಯರ್ ಅವರಿಗೆ 1884ರಲ್ಲಿ ಜನಿಸಿದ ಪುತ್ರನಿಗೆ ಕೈಲಾಸಂ ಎಂದು ನಾಮಕರಣವಾಯಿತು. ತಂದೆತಾಯಿಗಳು ವಿನೋದಕ್ಕಾಗಿ ಹೀಗೆ ಹೆಸರಿಟ್ಟರೆಂದು ನಾನು ಹೇಳುತ್ತಿಲ್ಲ. ಶಬ್ದಗಳೊಡನೆ ಆಡುವುದನ್ನೇ ಬಾಳಾಗಿಸಿಕೊಳ್ಳಲಿದ್ದ ಪುರುಷರಿಗೆ ಜನ್ಮನಾಮದಲ್ಲಿಯೇ ಒಂದು ಚಮತ್ಕಾರ ಒದಗಿಬಂದದ್ದು ಮಾತ್ರ ಸೋಜಿಗ.

ನಮ್ಮ ಆಲಂಕಾರಿಕರು ಶ್ಲೇಷವನ್ನು ಸಭಂಗ, ಅಭಂಗ ಎಂದು ವಿಂಗಡಿಸಿದರು. ಪದವನ್ನು ಒಡೆದಾಗ ಬೇರೊಂದು ಅರ್ಥ ಹೊಮ್ಮಿದರೆ ಸಭಂಗ; ಒಡೆಯದೆಯೇ ಎರಡರ್ಥ ಕೊಟ್ಟರೆ ಅಭಂಗ. ರುದ್ರಟನು ಇನ್ನೂ ಮುಂದುವರಿದು ಶಬ್ದಶ್ಲೇಷದ ಎಂಟು ಬಗೆಗಳಲ್ಲಿ ಭಾಷಾಶ್ಲೇಷವನ್ನೂ ಎಣಿಸಿದ್ದಾನೆ. ಒಂದೇ ವಾಕ್ಯವು ಸಂಸ್ಕೃತವಾಗಿಯೂ ಪ್ರಾಕೃತವಾಗಿಯೂ ಅರ್ಥ ಕೊಡುವ ಕೌಶಲವದು. ಆಸ್ಥಾನ ಪಂಡಿತರ ಈ ವಿದ್ಯೆ ನಮ್ಮ ಮನೆಗಳ ಊಟದ ಪಂಕ್ತಿಯಲ್ಲಿಯೂ ಉಂಟೆಂಬುದನ್ನು ನಾವು ಗಮನಿಸುವುದಿಲ್ಲ. ನನ್ನ ತೀರ್ಥರೂಪರು ಸಾರು ಬಡಿಸುವ ಹೊತ್ತಿಗೆ, ಸಾರುವುದು ಡಂಗುರದವನ ಕೆಲಸವಲ್ಲವೇ ಎಂದು ತಪ್ಪದೆ ಕೇಳುತ್ತಿದ್ದರು. ಸಾವಿರ ಸಲ ಕೇಳಿದ್ದ ಮಾತು. ಮಕ್ಕಳಾದ ನಾವು ಮುಖ ಸಿಂಡರಿಸುತ್ತಿದ್ದೆವು, ತಾಯಿಯವರು ಕೇಳಿಸದವರಂತೆ ಇರುತ್ತಿದ್ದರು. ಆದರೆ ಅವರು ಆ ಮಾತನ್ನಾಡದೆ ಉಂಡೆದ್ದ ದಿನ ಮನೆಯಲ್ಲಿ ಏನೋ ಸರಿಯಿಲ್ಲವೆಂದು ಎಲ್ಲರಿಗೂ ತಿಳಿಯುತ್ತಿತ್ತು. ಮನೆಯ ಹಾಸ್ಯಕ್ಕೆ ಹೊಸತನ ಬೇಕಿಲ್ಲ. ಕೈಲಾಸಂ ಅವರು ರಂಗಕ್ಕೆ ತಂದದ್ದು ಈ ಪಂಕ್ತಿಯ ನಗೆಯನ್ನೇ.

ಅವರ ಮನೆಮಾತು ತಮಿಳು, ಓದಿನ ಮಾತು ಇಂಗ್ಲಿಷು, ಸುತ್ತಲಿನ ಮಾತು ಕನ್ನಡ. ಒಂದೇ ಭಾಷೆಯಲ್ಲಿ ಮುಳುಗಿದವನಿಗೆ ಪದವು ಕೇವಲ ಅರ್ಥವಾಗಿ ಕೇಳಿಸುತ್ತದೆ; ಎರಡು ಮೂರು ಭಾಷೆಗಳ ಹೊಸ್ತಿಲಲ್ಲಿ ನಿಂತವನಿಗೆ ಅದು ನಾದವಾಗಿಯೂ ಕೇಳಿಸುತ್ತದೆ. ಅವರ ಪ್ರತಿಭೆಯ ಗುಟ್ಟು ಇಲ್ಲಿದೆಯೆಂದು ನನ್ನ ಭಾವನೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಭೂವಿಜ್ಞಾನದ ಉನ್ನತ ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿದರು. ಅಲ್ಲಿ ಶಿಲೆಗಳನ್ನು ಒಡೆಯಲು ಕಲಿತದ್ದಕ್ಕಿಂತ ನಾಟಕಶಾಲೆಗಳನ್ನು ಸುತ್ತಿದ್ದೇ ಹೆಚ್ಚು ಫಲ ಕೊಟ್ಟಿತು. 1914ರಲ್ಲಿ ಮಹಾಯುದ್ಧ ತೊಡಗಿದಾಗ ಆಂಗ್ಲ ಸೈನಿಕರ ಬಾಯಲ್ಲೆಲ್ಲ ಐರ್ಲೆಂಡಿನ ಟಿಪ್ಪರರಿಯೆಂಬ ಊರಿನ ಹಾಡು ನಲಿಯುತ್ತಿತ್ತು. ಕೈಲಾಸಂ ಅವರ ಕಿವಿಯಲ್ಲಿ ಅದು ತಿಪ್ಪಾರಹಳ್ಳಿಯಾಯಿತು! ಸಾಗರದಾಚೆಯ ಊರು ನಮ್ಮ ರೈತನೊಬ್ಬನ ಹುಟ್ಟೂರಾಗಿ, ಅದೇ ಧಾಟಿಯಲ್ಲಿ ಕನ್ನಡದ ಹಾಡಾಯಿತು. ರುದ್ರಟನು ಕೇಳಿದ್ದರೆ ತನ್ನ ಭಾಷಾಶ್ಲೇಷಕ್ಕೆ ಇದು ಹೊಸ ಉದಾಹರಣೆಯೆಂದು ಒಪ್ಪುತ್ತಿದ್ದನೇನೋ.

ಸ್ವದೇಶಕ್ಕೆ ಮರಳಿ ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲವು ಕಾಲ ಸೇವೆ ಸಲ್ಲಿಸಿದರು. ಆ ಉದ್ಯೋಗವು ಅವರಿಗೆ ಒಗ್ಗದೆ ಅದನ್ನು ತ್ಯಜಿಸಿದರು. ಅಂದಿನ ವೃತ್ತಿರಂಗಭೂಮಿಯಲ್ಲಿ ಅರಸರೂ ದೇವತೆಗಳೂ ಗ್ರಾಂಥಿಕ ಭಾಷೆಯಲ್ಲಿ ಸಂಭಾಷಿಸುತ್ತಿದ್ದರು. ಕೈಲಾಸಂ ಅವರು ಆ ರಂಗದ ಮೇಲೆ ಮಧ್ಯಮವರ್ಗದ ಮನೆಯ ಹಜಾರವನ್ನು ತಂದಿಟ್ಟರು. ಪಟ್ಟಣದ ವಿದ್ಯಾವಂತ ಗಂಡಸರ ಅರೆ ಇಂಗ್ಲಿಷೂ ಹೆಂಗಸರ ಅಚ್ಚಗನ್ನಡವೂ ಅಲ್ಲಿ ಮುಖಾಮುಖಿಯಾದವು. ಈ ಎರಡು ಮಾತುಗಳು ಡಿಕ್ಕಿ ಹೊಡೆದಲ್ಲೆಲ್ಲ ನಗೆ ಚಿಮ್ಮಿತು.

ಅವರ ನಾಟಕಗಳ ಹೆಸರುಗಳನ್ನೇ ನೋಡಿರಿ. 1916ರಲ್ಲಿ ಆನಿ ಬೆಸಂಟರು ಹೋಂ ರೂಲ್ ಚಳವಳಿಯನ್ನು ಆರಂಭಿಸಿದ್ದರು. ಕೈಲಾಸಂ ಅವರ ಹೋಂ ರೂಲು ಎಂಬ ಶೀರ್ಷಿಕೆ ಕಿವಿಗೆ ಬಿದ್ದೊಡನೆ, ದೇಶದ ಆಡಳಿತದ ಮಾತು ಮನೆಯ ಆಡಳಿತದತ್ತ ಹೊರಳುತ್ತದೆ. ಯಜಮಾನರ ಹೆಂಡತಿ ಎಂದು ಗುರುತಿಸುವುದು ಲೋಕರೂಢಿ. ಅದನ್ನು ತಿರುಗಿಸಿ ಅಮ್ಮಾವ್ರ ಗಂಡ ಎಂದರು. ತಾಳಿ ಕಟ್ಟೋಕ್ಕೂಲೀನೇ ಎಂಬುದರಲ್ಲಿ ವರದಕ್ಷಿಣೆಯೆಂಬ ಗೌರವದ ಪದವನ್ನು ಕೂಲಿ ಎಂಬ ಬಡಪದದ ಪಕ್ಕದಲ್ಲಿ ಕೂರಿಸಿದರು. ನಗುತ್ತಲೇ ಓದಿದ ವರನ ತಂದೆಗೆ ಮರುಕ್ಷಣದಲ್ಲಿ ತಾನು ಪಡೆದದ್ದು ಏನೆಂದು ಹೊಳೆಯಬೇಕು. ಎಲ್ಲ ಮನೆಗಳಲ್ಲಿಯೂ ನಗೆಗೆ ಎಡೆಯಿಲ್ಲವೆಂಬುದನ್ನೂ ಅವರು ಬಲ್ಲರು. ಬಹಿಷ್ಕಾರ ನಾಟಕದಲ್ಲಿ ರೂಢಿಯ ಕಟ್ಟಿಗೆ ಸಿಕ್ಕಿದ ಕುಟುಂಬದ ಮುಂದೆ ಅವರ ವಿನೋದ ತಾನಾಗಿ ಮೌನ ತಾಳುತ್ತದೆ.

ನಾನು ವಿದ್ವತ್ ತರಗತಿಯಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳೊಬ್ಬರಿಗೆ ಈ ಕಲಬೆರಕೆ ಭಾಷೆ ಸಮ್ಮತವಾಗಿರಲಿಲ್ಲ. ಕೈಲಾಸಂ ಹೆಸರೆತ್ತಿದರೆ ಹುಬ್ಬು ಗಂಟಿಕ್ಕುತ್ತಿದ್ದರು. ಒಂದು ಸಂಜೆ ಪುಸ್ತಕ ಹಿಂದಿರುಗಿಸಲೆಂದು ಅವರ ಮನೆಗೆ ಹೋದೆ. ಬಂಡ್ವಾಳ್ವಿಲ್ಲದ ಬಡಾಯಿ ನಾಟಕದ ವಕೀಲ ಅಹೋಬ್ಲುವಿನ ಮಾತುಗಳನ್ನು ಗುರುಗಳು ಸ್ವರ ಬದಲಿಸಿ ಬದಲಿಸಿ ಮೊಮ್ಮಕ್ಕಳಿಗೆ ಓದಿ ಹೇಳುತ್ತಿದ್ದರು; ಮಕ್ಕಳು ಚಾಪೆಯ ಮೇಲೆ ಹೊರಳಾಡಿ ನಗುತ್ತಿದ್ದರು. ನನ್ನನ್ನು ಕಂಡೊಡನೆ ಪುಸ್ತಕವನ್ನು ಮುಚ್ಚಿಟ್ಟರು. ನಾನೂ ಏನೂ ಕಾಣದವನಂತೆ ನಿಂತೆ.

ಇಷ್ಟು ಮನೆಗಳನ್ನು ನಗಿಸಿದವರು ಗೃಹಜೀವನದ ಶಿಸ್ತಿಗೆ ಒಗ್ಗಿದವರಲ್ಲ. ಬೆಂಗಳೂರಿನಲ್ಲಿ ಅವರು ಕಾಲ ಕಳೆದ ಅಸ್ತವ್ಯಸ್ತವಾದ ಕೊಠಡಿಗೆ ನೂಕ್ ಎಂದು ಹೆಸರು. ಇಂಗ್ಲಿಷಿನಲ್ಲಿ ಅದು ಮೂಲೆ. ಕನ್ನಡದ ಕಿವಿಗೆ ತಳ್ಳು ಎಂದೇ ಕೇಳುತ್ತದೆ. ಸಂಬಳ, ಪದವಿ, ಗೃಹಕೃತ್ಯಗಳನ್ನೆಲ್ಲ ಅತ್ತ ನೂಕಿ ಅವರು ಆ ಮೂಲೆಯಲ್ಲಿ ಕುಳಿತರು. ಲೇಖನಿ ಹಿಡಿಯುವುದಕ್ಕಿಂತ ಬಾಯಲ್ಲಿ ಹೇಳುವುದೇ ಅವರಿಗೆ ಪ್ರಿಯವಾಗಿತ್ತು. ಮಿತ್ರರೂ ಶಿಷ್ಯರೂ ಬರೆದುಕೊಂಡದ್ದರಿಂದ ನಮಗೆ ಇಷ್ಟಾದರೂ ದಕ್ಕಿತು. ವಿಚಿತ್ರವೆಂದರೆ ಕರ್ಣ, ಏಕಲವ್ಯರ ಗಂಭೀರ ದುಃಖವನ್ನು ಇಂಗ್ಲಿಷಿನಲ್ಲಿ ಬರೆದವರು ಮನೆಯ ನಗೆಯನ್ನು ಮಾತ್ರ ಕನ್ನಡಕ್ಕೇ ಮೀಸಲಿಟ್ಟರು. 1945ರಲ್ಲಿ ಮದರಾಸಿನಲ್ಲಿ ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು. ಮರುವರ್ಷ, 1946ರಲ್ಲಿ, ಬೆಂಗಳೂರಿನಲ್ಲಿ ಕೈಲಾಸವಾಸಿಗಳಾದರು. ಈ ಪದವನ್ನು ಬೇರೆ ಯಾರಿಗೆ ಬಳಸಿದರೂ ಅಳುವ ನಾವು, ಅವರಿಗೆ ಬಳಸುವಾಗ ಒಂದು ಕ್ಷಣ ನಗಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಟೊಳ್ಳುಗಟ್ಟಿಯನ್ನು ಅಭ್ಯಾಸ ಮಾಡಿಸುವ ಭಾರ ನನ್ನ ಮೇಲೆ ಬಿತ್ತು. ಪುಸ್ತಕವಿದ್ಯೆಯಲ್ಲಿ ಮುಂದಾದ ಮಾಧು ಒಳಗೆ ಟೊಳ್ಳು, ಪಾಠದಲ್ಲಿ ಹಿಂದಾದ ಪುಟ್ಟು ನಡತೆಯಲ್ಲಿ ಗಟ್ಟಿ. ಇದು ಅಧ್ಯಾಪಕರಾದ ನಾವು ಪ್ರತಿವರ್ಷ ಫಲಿತಾಂಶದ ದಿನ ಓದಿಕೊಳ್ಳಬೇಕಾದ ನಾಟಕ. ಅದರಲ್ಲಿ ಬರುವ ಇಂಗ್ಲಿಷ್ ಮಾತುಗಳನ್ನು ಬಾಲಕರಿಗೆ ಬಿಡಿಸಿ ಹೇಳಲು ನಾನು ಸಿದ್ಧನಾಗಿ ಹೋಗಿದ್ದೆ. ಅವು ಅವರಿಗೆ ನೀರು ಕುಡಿದಷ್ಟು ಸುಲಭವಾಗಿದ್ದವು. ಪುಟ್ಟುವಿನ ಪಾತ್ರ ವಹಿಸಿದ್ದ ಹುಡುಗ ಎದ್ದು ನಿಂತು ವಿನಯದಿಂದ ಕೇಳಿದ್ದು ಒಂದೇ ಸಂಶಯ: ಟೊಳ್ಳು ಎಂದರೇನು, ಗುರುಗಳೇ?