ಸೂಜಿಯಿಂದ ಬಿಡುಗಡೆ ಗಳಿಸಿದ ಎಲಿಜಬೆತ್ ಕೆಕ್ಲಿ

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಅನೇಕ ಮನೆಗಳಲ್ಲಿ ಒಂದು ಚರ್ಚೆ ಏಳುತ್ತದೆ. ಮಗಳನ್ನು ಕಾಲೇಜಿಗೆ ಕಳಿಸುವುದೋ, ಹೊಲಿಗೆ ಕಲಿಸಿ ನಾಲ್ಕು ಕಾಸು ಸಂಪಾದಿಸುವಂತೆ ಮಾಡುವುದೋ? ಹೊಲಿಗೆ ಎಂದರೆ ಓದು ತಲೆಗೆ ಹತ್ತದವರ ಕೆಲಸ ಎಂದು ಕೆಲವರು ಹೇಳುತ್ತಾರೆ. ಓದು ಎಂದರೆ ಹೊಟ್ಟೆ ತುಂಬಿದವರ ಮಾತು ಎಂದು ಇನ್ನು ಕೆಲವರು. ಎರಡೂ ಒಂದೇ ಕೈಯಲ್ಲಿ ಇರಬಹುದು ಎನ್ನುವವರು ಕಡಿಮೆ. ಇಂಥ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಅಮೆರಿಕದ ಒಬ್ಬ ಮಹಿಳೆಯ ನೆನಪಾಗುತ್ತದೆ. ಆಕೆ ಹೊಲಿಗೆಯಿಂದ ತನ್ನ ಹಾಗೂ ಮಗನ ಬಿಡುಗಡೆ ಗಳಿಸಿದರು, ಸಂಘ ಕಟ್ಟಿದರು, ಪುಸ್ತಕ ಬರೆದರು, ಮುಪ್ಪಿನಲ್ಲಿ ಶಿಕ್ಷಕಿಯಾದರು. ಅವರೇ ಎಲಿಜಬೆತ್ ಕೆಕ್ಲಿ.

ಎಲಿಜಬೆತ್ ಹುಟ್ಟಿದ್ದು 1818ರ ಫೆಬ್ರವರಿಯಲ್ಲಿ, ವರ್ಜೀನಿಯಾ ರಾಜ್ಯದ ಡಿನ್ವಿಡಿ ಎಂಬಲ್ಲಿ. ತಾಯಿ ಆಗ್ನೆಸ್ ಬರ್ವೆಲ್ ಎಂಬ ಒಡೆಯರ ಮನೆಯಲ್ಲಿ ಗುಲಾಮಳಾಗಿದ್ದರು. ಗುಲಾಮಳ ಮಗು ಹುಟ್ಟಿನಿಂದಲೇ ಒಡೆಯನ ಸೊತ್ತು ಎಂಬುದು ಅಂದಿನ ಕಾನೂನು. ತನ್ನ ಹೆತ್ತ ತಂದೆ ಆ ಒಡೆಯನೇ ಎಂಬ ಸತ್ಯ ಎಲಿಜಬೆತ್‌ಗೆ ಬಹಳ ತಡವಾಗಿ ತಿಳಿಯಿತು. ಅವರು ತಂದೆ ಎಂದು ತಿಳಿದು ಪ್ರೀತಿಸಿದ್ದು ಜಾರ್ಜ್ ಹಾಬ್ಸ್ ಎಂಬವರನ್ನು. ಆತ ಬೇರೊಬ್ಬ ಯಜಮಾನನ ಗುಲಾಮ. ಆ ಯಜಮಾನ ಪಶ್ಚಿಮಕ್ಕೆ ವಲಸೆ ಹೋದಾಗ ಹಾಬ್ಸ್ ಕೂಡ ಹೋಗಬೇಕಾಯಿತು. ಗಂಡ ಹೆಂಡತಿ ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ.

ತಾಯಿಗೆ ಎರಡು ವಿದ್ಯೆ ಗೊತ್ತಿತ್ತು: ಹೊಲಿಗೆ ಮತ್ತು ಅಕ್ಷರ. ಗುಲಾಮರು ಓದು ಬರಹ ಕಲಿಯುವುದನ್ನು ಒಡೆಯರು ಸಹಿಸದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಮಗಳಿಗೆ ಕೊಡಲು ಆ ತಾಯಿಯ ಬಳಿ ಬೇರೆ ಆಸ್ತಿ ಇರಲಿಲ್ಲ. ಮುಂದೆ ಮಗಳ ಇಡೀ ಬಾಳು ನಿಂತದ್ದು ಈ ಎರಡರ ಮೇಲೆಯೇ.

ನಾಲ್ಕು ವರ್ಷದ ಎಲಿಜಬೆತ್‌ಗೆ ಒಡತಿಯ ಹಸುಗೂಸನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹುರುಪಿನಲ್ಲಿ ತೊಟ್ಟಿಲನ್ನು ಜೋರಾಗಿ ತೂಗಿದಾಗ ಕೂಸು ನೆಲಕ್ಕೆ ಬಿತ್ತು. ಏನು ಮಾಡಬೇಕೆಂದು ತೋಚದೆ ಆ ಪುಟ್ಟ ಹುಡುಗಿ ಒಲೆಯ ಸಲಿಕೆಯಿಂದ ಕೂಸನ್ನು ಎತ್ತಲು ಹೋದಳು. ಅದಕ್ಕಾಗಿ ಚಾವಟಿ ಏಟು ತಿಂದಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಆಕೆಯನ್ನು ಒಡೆಯನ ಹಿರಿಯ ಮಗನ ಮನೆಗೆ ಕಳಿಸಲಾಯಿತು. ಆತ ಪಾದ್ರಿ. ಅಲ್ಲಿಯೂ ಹೊಡೆತ ತಪ್ಪಲಿಲ್ಲ. ಆ ವರ್ಷಗಳಲ್ಲಿಯೇ ಊರಿನ ಬಿಳಿಯನೊಬ್ಬ ಆಕೆಯ ಮೇಲೆ ಬಲಾತ್ಕಾರ ನಡೆಸಿದ. ಅದರಿಂದ ಹುಟ್ಟಿದ ಮಗನಿಗೆ ಆಕೆ ತಾನು ತಂದೆಯೆಂದು ಪ್ರೀತಿಸಿದವನ ನೆನಪಿನಲ್ಲಿ ಜಾರ್ಜ್ ಎಂದು ಹೆಸರಿಟ್ಟರು.

ಮುಂದೆ ಎಲಿಜಬೆತ್ ಅದೇ ಬರ್ವೆಲ್ ಮನೆತನದ ಮಗಳ ಸಂಸಾರ ಸೇರಿದರು. ಆ ಮಗಳ ಗಂಡ ಗಾರ್ಲೆಂಡ್ ವಕೀಲ. ಆ ಕುಟುಂಬ 1847ರಲ್ಲಿ ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್ ನಗರಕ್ಕೆ ಬಂತು. ಅಲ್ಲಿ ವಕೀಲರಿಗೆ ಆದಾಯ ಸಾಲದೆ ಮನೆ ನಡೆಸುವುದೇ ಕಷ್ಟವಾಯಿತು. ವಯಸ್ಸಾದ ಆಗ್ನೆಸ್‌ಳನ್ನು ಕೂಲಿಗೆ ಕಳಿಸುವ ಯೋಚನೆ ನಡೆಯಿತು. ತಾಯಿಯನ್ನು ಕಳಿಸಬೇಡಿ, ನಾನೇ ಹೊಲಿದು ದುಡಿಯುತ್ತೇನೆ ಎಂದು ಎಲಿಜಬೆತ್ ಮುಂದೆ ಬಂದರು. ಊರಿನ ಹೆಂಗಸರ ಉಡುಪುಗಳನ್ನು ಹೊಲಿಯಲು ಆರಂಭಿಸಿದರು. ಅಳತೆ ತೆಗೆದು, ಮೈಗೆ ಒಪ್ಪುವಂತೆ ಕತ್ತರಿಸುವುದರಲ್ಲಿ ಅವರ ಕೈ ಬೇಗ ಹೆಸರಾಯಿತು. ಎರಡು ವರ್ಷ ಐದು ತಿಂಗಳ ಕಾಲ ಹದಿನೇಳು ಜನರ ಊಟ ಅವರ ಸೂಜಿಯಿಂದ ನಡೆಯಿತು. ಆ ಹದಿನೇಳರಲ್ಲಿ ಒಡೆಯನ ಕುಟುಂಬವೂ ಸೇರಿತ್ತು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಯಾರನ್ನು ಸೊತ್ತು ಎಂದು ಲೆಕ್ಕ ಹಾಕಿದ್ದರೋ ಆಕೆಯೇ ಮನೆಗೆ ಅನ್ನ ಹಾಕುತ್ತಿದ್ದರು.

ಅವರು ತನ್ನ ಮತ್ತು ಮಗನ ಬಿಡುಗಡೆಯ ಬೆಲೆ ಕೇಳಿದರು. ವಕೀಲರು ಮೊದಲು ಸಿಟ್ಟಾದರು. ಆಮೇಲೆ ಒಂದು ಬೆಳ್ಳಿಯ ನಾಣ್ಯ ಮುಂದಿಟ್ಟು, ಹೋಗಬೇಕೆಂದಿದ್ದರೆ ದೋಣಿಗೆ ಇಷ್ಟು ಕೊಟ್ಟು ಮಿಸಿಸಿಪಿ ನದಿ ದಾಟಿ ಹೋಗು ಎಂದರು. ನದಿಯ ಆಚೆ ದಡ ಗುಲಾಮಗಿರಿ ಇಲ್ಲದ ರಾಜ್ಯ. ಎಲಿಜಬೆತ್ ನಾಣ್ಯ ಮುಟ್ಟಲಿಲ್ಲ. ಕದ್ದು ಓಡುವ ಬಿಡುಗಡೆ ಅವರಿಗೆ ಬೇಡವಾಗಿತ್ತು. ಕೊನೆಗೆ 1200 ಡಾಲರ್ ಬೆಲೆ ನಿಗದಿಯಾಯಿತು. ಆದರೆ ಗಳಿಸಿದ್ದೆಲ್ಲ ಮನೆಯವರ ಹೊಟ್ಟೆಗೆ ಹೋಗುತ್ತಿದ್ದಾಗ ಉಳಿತಾಯ ಎಲ್ಲಿಂದ ಬರಬೇಕು? ಈ ನಡುವೆ ಜೇಮ್ಸ್ ಕೆಕ್ಲಿ ಎಂಬಾತನೊಂದಿಗೆ ಮದುವೆಯೂ ಆಯಿತು. ತಾನು ಸ್ವತಂತ್ರ ಎಂದು ಆತ ಹೇಳಿದ್ದು ಸುಳ್ಳು. ಕುಡಿತವೂ ಇತ್ತು. ದುಡಿಮೆಯ ಭಾರ ಇನ್ನಷ್ಟು ಹೆಚ್ಚಿತು.

ಹಣಕ್ಕಾಗಿ ನ್ಯೂಯಾರ್ಕ್‌ಗೆ ಹೋಗಿ ಅಲ್ಲಿನ ದಾನಿಗಳನ್ನು ಬೇಡಲು ಅವರು ಸಿದ್ಧರಾಗಿದ್ದರು. ಸುದ್ದಿ ತಿಳಿದ ಗಿರಾಕಿಯೊಬ್ಬರು ತಡೆದು, ಊರಿನ ಇತರ ಗಿರಾಕಿಗಳಿಂದ ಹಣ ಕೂಡಿಸಿಕೊಟ್ಟರು. 1855ರ ನವೆಂಬರ್‌ನಲ್ಲಿ ತಾಯಿ ಮಗ ಇಬ್ಬರೂ ಕಾನೂನಿನ ಪ್ರಕಾರ ಬಿಡುಗಡೆಯಾದರು. ಆಗ ಎಲಿಜಬೆತ್‌ಗೆ 37 ವರ್ಷ. ಆ ಹಣವನ್ನು ಅವರು ದಾನವೆಂದು ಒಪ್ಪಲಿಲ್ಲ, ಸಾಲವೆಂದೇ ತೆಗೆದುಕೊಂಡರು. ಊರು ಬಿಡುವ ಮೊದಲು ಹೊಲಿದು ಹೊಲಿದು ಪೂರ್ತಿ ತೀರಿಸಿದರು.

1860ರಲ್ಲಿ ಅವರು ಗಂಡನಿಂದ ದೂರವಾಗಿ ಬಾಲ್ಟಿಮೋರ್ ನಗರಕ್ಕೆ ಹೋದರು. ಉಡುಪು ಕತ್ತರಿಸುವ ತನ್ನ ವಿಧಾನವನ್ನು ಹೆಣ್ಣುಮಕ್ಕಳಿಗೆ ಕಲಿಸುವ ತರಗತಿ ತೆರೆಯಲು ಅಲ್ಲಿ ಪ್ರಯತ್ನಿಸಿದರು. ಅದು ನಡೆಯಲಿಲ್ಲ. ಬರಿಗೈಯಲ್ಲಿ ರಾಜಧಾನಿ ವಾಷಿಂಗ್ಟನ್‌ಗೆ ಬಂದರು. ಒಂದು ಮನೆಯ ಉಡುಪು ನೋಡಿ ಇನ್ನೊಂದು ಮನೆಯವರು ಕರೆದರು. ಸೆನೆಟರ್ ಜೆಫರ್ಸನ್ ಡೇವಿಸ್ ಅವರ ಪತ್ನಿಗೂ ಹೊಲಿದರು. ಇದೇ ಡೇವಿಸ್ ಮುಂದೆ ಗುಲಾಮಗಿರಿಯ ಪರ ನಿಂತ ದಕ್ಷಿಣ ರಾಜ್ಯಗಳ ಅಧ್ಯಕ್ಷನಾದ. 1861ರ ಮಾರ್ಚ್‌ನಲ್ಲಿ ಅಬ್ರಹಾಂ ಲಿಂಕನ್ ಅಮೆರಿಕದ ಅಧ್ಯಕ್ಷರಾದಾಗ ಅವರ ಪತ್ನಿ ಮೇರಿ ಲಿಂಕನ್ ಎಲಿಜಬೆತ್‌ರನ್ನು ತಮ್ಮ ಉಡುಪುಗಳಿಗೆ ಆರಿಸಿಕೊಂಡರು. ಆ ಒಂದೇ ವಸಂತದಲ್ಲಿ ಹದಿನೈದು ಹದಿನಾರು ಉಡುಪುಗಳು ಸಿದ್ಧವಾದವು. ಹೊಲಿಗೆಯ ನಂಟು ನಿಧಾನವಾಗಿ ಗೆಳೆತನವಾಯಿತು.

ಇಬ್ಬರನ್ನೂ ಹತ್ತಿರ ತಂದದ್ದು ದುಃಖ. ಎಲಿಜಬೆತ್ ತನ್ನ ಮಗ ಜಾರ್ಜ್‌ನನ್ನು ಓಹಿಯೋ ರಾಜ್ಯದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದಲ್ಲಿ ಓದಲು ಬಿಟ್ಟಿದ್ದರು. ಅಂತರ್ಯುದ್ಧ ಆರಂಭವಾದಾಗ ಆತ ಓದು ಬಿಟ್ಟು ಉತ್ತರದ ಸೈನ್ಯ ಸೇರಿದ. ಕಪ್ಪು ಜನರನ್ನು ಸೈನ್ಯ ಇನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಮೈಬಣ್ಣ ತಿಳಿಯಾಗಿದ್ದುದರಿಂದ ಆತ ಬಿಳಿಯನೆಂದೇ ಹೆಸರು ಬರೆಸಿದ. 1861ರ ಆಗಸ್ಟ್ 10ರಂದು ವಿಲ್ಸನ್ಸ್ ಕ್ರೀಕ್ ಕದನದಲ್ಲಿ ಮಡಿದ. ಯಾರ ಬಿಡುಗಡೆಗಾಗಿ ತಾಯಿ ವರ್ಷಗಟ್ಟಲೆ ಕಣ್ಣು ಸವೆಸಿದ್ದರೋ ಆ ಮಗ ಸ್ವತಂತ್ರನಾಗಿ ಬದುಕಿದ್ದು ಆರು ವರ್ಷ ಮಾತ್ರ. ಮರುವರ್ಷ ಫೆಬ್ರವರಿಯಲ್ಲಿ ಲಿಂಕನ್ ದಂಪತಿಗಳ ಹನ್ನೊಂದು ವರ್ಷದ ಮಗ ವಿಲ್ಲಿ ಕಾಯಿಲೆಯಿಂದ ತೀರಿಕೊಂಡ. ಆ ಮಗುವಿನ ಶವಕ್ಕೆ ಸ್ನಾನ ಮಾಡಿಸಿ ಬಟ್ಟೆ ತೊಡಿಸಿದ್ದು ಎಲಿಜಬೆತ್.

ಅವರು ದುಃಖದಲ್ಲಿ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಸಾವಿರಾರು ಗುಲಾಮರು ವಾಷಿಂಗ್ಟನ್ ಸುತ್ತ ಶಿಬಿರಗಳಲ್ಲಿ ಚಳಿ, ಹಸಿವು, ಕಾಯಿಲೆಗಳಿಂದ ನರಳುತ್ತಿದ್ದರು. 1862ರಲ್ಲಿ ಎಲಿಜಬೆತ್ ತಮ್ಮ ಚರ್ಚಿನವರನ್ನು ಕೂಡಿಸಿ ಅವರಿಗಾಗಿ ಒಂದು ಪರಿಹಾರ ಸಂಘ ಕಟ್ಟಿದರು. ನಲವತ್ತು ಸದಸ್ಯರಿಂದ ಅದು ಆರಂಭವಾಯಿತು. ಹೊಲಿಗೆಯನ್ನು ಬಿಟ್ಟು ಅವರು ಸಮಾಜಸೇವೆಗೆ ಇಳಿಯಲಿಲ್ಲ. ಹೊಲಿಗೆಯ ದಾರಿಯಲ್ಲೇ ಸೇವೆಗೂ ದಾರಿ ಮಾಡಿಕೊಂಡರು. ಆ ವರ್ಷ ಮೇರಿ ಲಿಂಕನ್ ಜೊತೆ ನ್ಯೂಯಾರ್ಕ್ ಮತ್ತು ಬಾಸ್ಟನ್‌ಗೆ ಪ್ರಯಾಣ ಮಾಡಿದಾಗ ಅಲ್ಲಿಯ ಕಪ್ಪು ಜನರ ಸಭೆಗಳಿಗೆ ಹೋಗಿ ಹಣ, ಬಟ್ಟೆ, ಹೊದಿಕೆ ಕೂಡಿಸಿದರು. ಮೇರಿ ಲಿಂಕನ್ ಸಹ 200 ಡಾಲರ್ ನೀಡಿದರು. ಇತ್ತ ಹೊಲಿಗೆಯ ಕೆಲಸ ನಿಲ್ಲದಂತೆ ಸಹಾಯಕಿಯರು ನೋಡಿಕೊಳ್ಳುತ್ತಿದ್ದರು.

1865ರ ಏಪ್ರಿಲ್‌ನಲ್ಲಿ ಲಿಂಕನ್ ಹತ್ಯೆಯಾಯಿತು. ವಿಧವೆಯಾದ ಮೇರಿ ಸಾಲದಲ್ಲಿ ಮುಳುಗಿದ್ದರು. 1867ರಲ್ಲಿ ತಮ್ಮ ಹಳೆಯ ಉಡುಪುಗಳನ್ನು ನ್ಯೂಯಾರ್ಕ್‌ನಲ್ಲಿ ಮಾರಲು ಹೋಗಿ ಪತ್ರಿಕೆಗಳ ಅಪಹಾಸ್ಯಕ್ಕೆ ಗುರಿಯಾದರು. ಎಲಿಜಬೆತ್ ತಮ್ಮ ಕೆಲಸ ಬಿಟ್ಟು ಅವರೊಂದಿಗೆ ನಿಂತರು. ಮರುವರ್ಷ 1868ರಲ್ಲಿ ತಮ್ಮ ಆತ್ಮಕಥೆ ಪ್ರಕಟಿಸಿದರು. ಮೂವತ್ತು ವರ್ಷದ ಗುಲಾಮಗಿರಿ ಮತ್ತು ನಾಲ್ಕು ವರ್ಷದ ಶ್ವೇತಭವನದ ಅನುಭವ ಅದರಲ್ಲಿತ್ತು. ಗೆಳತಿಯ ಮೇಲಿನ ಅಪವಾದ ತೊಳೆಯುವುದೂ ಅದರ ಉದ್ದೇಶವಾಗಿತ್ತು. ಆದರೆ ಮೇರಿ ಬರೆದ ಖಾಸಗಿ ಪತ್ರಗಳೂ ಪುಸ್ತಕದಲ್ಲಿ ಅಚ್ಚಾದವು. ಮೇರಿ ಲಿಂಕನ್ ಗೆಳೆತನ ಕಡಿದುಕೊಂಡರು. ಕಪ್ಪು ದರ್ಜಿಯೊಬ್ಬಳು ಅಧ್ಯಕ್ಷರ ಮನೆಯ ಸಂಗತಿ ಬರೆಯುವುದೇ ಎಂದು ಪತ್ರಿಕೆಗಳು ಹೀಯಾಳಿಸಿದವು. ಗಿರಾಕಿಗಳು ಒಬ್ಬೊಬ್ಬರಾಗಿ ದೂರವಾದರು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಹೊಲಿಯುವವರು ಮನೆಯ ಒಳಕೋಣೆಯವರೆಗೂ ಹೋಗುತ್ತಾರೆ. ಅವರ ಬಂಡವಾಳ ಕೈಚಳಕ ಮಾತ್ರವಲ್ಲ, ಗಿರಾಕಿಯ ನಂಬಿಕೆಯೂ ಹೌದು. ಲೇಖಕಿಯ ಕೆಲಸವಾದರೋ ಕಂಡದ್ದನ್ನು ಹೇಳುವುದು. ಎರಡು ಕೆಲಸಗಳನ್ನು ಒಟ್ಟಿಗೆ ನಡೆಸುವುದೆಂದರೆ ಸಮಯ ಹಂಚಿಕೊಂಡರೆ ಸಾಕು ಎಂದು ನಾವು ತಿಳಿಯುತ್ತೇವೆ. ಎರಡರ ಧರ್ಮವೂ ಒಂದಕ್ಕೊಂದು ಎದುರಾಗುವ ದಿನ ಬರಬಹುದು ಎಂಬುದನ್ನು ಎಲಿಜಬೆತ್ ಬಾಳು ತೋರಿಸುತ್ತದೆ. ಪತ್ರಗಳನ್ನು ಅಚ್ಚು ಹಾಕಿಸಿದ್ದು ತಪ್ಪೆಂದು ಹೇಳಬಹುದು. ತನ್ನ ಕಥೆಯನ್ನು ತಾನೇ ಬರೆದದ್ದು ಮಾತ್ರ ತಪ್ಪಲ್ಲ. ಆ ಪುಸ್ತಕ ಇಲ್ಲದಿದ್ದರೆ ಹದಿನೇಳು ಜನರನ್ನು ಸಾಕಿದ ಸೂಜಿಯ ಸುದ್ದಿ ನಮ್ಮವರೆಗೆ ಬರುತ್ತಿರಲಿಲ್ಲ.

ಬಡತನ ಬಂದರೂ ಕೈಯ ವಿದ್ಯೆ ಅವರನ್ನು ಬಿಡಲಿಲ್ಲ. 1892ರಲ್ಲಿ, 74ರ ವಯಸ್ಸಿನಲ್ಲಿ, ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯ ಅವರನ್ನು ಹೊಲಿಗೆ ಮತ್ತು ಗೃಹವಿಜ್ಞಾನ ವಿಭಾಗಕ್ಕೆ ಕರೆಯಿತು. ಮಗ ಓದು ಅರ್ಧಕ್ಕೆ ಬಿಟ್ಟು ಹೋದ ಅದೇ ಅಂಗಳಕ್ಕೆ ತಾಯಿ ಶಿಕ್ಷಕಿಯಾಗಿ ಬಂದರು. ಬಾಲ್ಟಿಮೋರ್‌ನಲ್ಲಿ ಕೈಗೂಡದ ಆಸೆ ಮೂವತ್ತು ವರ್ಷಗಳ ಮೇಲೆ ಇಲ್ಲಿ ಕೈಗೂಡಿತು. 1893ರ ಚಿಕಾಗೋ ವಿಶ್ವಮೇಳದಲ್ಲಿ ತಮ್ಮ ವಿದ್ಯಾರ್ಥಿನಿಯರ ಕೆಲಸವನ್ನು ಪ್ರದರ್ಶಿಸಿದರು. ಆರೋಗ್ಯ ಕೆಟ್ಟಾಗ ವಾಷಿಂಗ್ಟನ್‌ಗೆ ಮರಳಿದರು. ನಿರಾಶ್ರಿತ ಕಪ್ಪು ಮಹಿಳೆಯರ ಮತ್ತು ಮಕ್ಕಳ ಆಶ್ರಮವೊಂದರಲ್ಲಿ 1907ರ ಮೇ ತಿಂಗಳಲ್ಲಿ ಕಣ್ಣು ಮುಚ್ಚಿದರು. ಅವರು ಹೊಲಿದದ್ದೆಂದು ನಂಬಲಾದ ಮೇರಿ ಲಿಂಕನ್‌ರ ನೇರಳೆ ಮಖಮಲ್ ಉಡುಪು ಇಂದಿಗೂ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಪ್ರಿಯ ವಿದ್ಯಾರ್ಥಿನಿಯರೇ, ಮನೆಯಲ್ಲಿ ಹೊಲಿಗೆ ಯಂತ್ರ ಇದ್ದರೆ ಅದರ ಮುಂದೆ ಕುಳಿತುಕೊಳ್ಳಲು ನಾಚಬೇಡಿ. ಅದರ ಮುಂದೆ ಕುಳಿತಿದ್ದೇವೆ ಎಂದು ಪುಸ್ತಕ ಮುಚ್ಚಲೂ ಬೇಡಿ. ಆಗ್ನೆಸ್ ಎಂಬ ಗುಲಾಮ ತಾಯಿ ತನ್ನ ಮಗಳಿಗೆ ಎರಡನ್ನೂ ಕೊಟ್ಟರು. ಹಾಗಿದ್ದ ಮೇಲೆ ನಮ್ಮ ಮನೆಯ ಹಿರಿಯರು ಹೆಣ್ಣುಮಗಳ ಮುಂದೆ ಇದೋ ಅದೋ ಎಂಬ ಪ್ರಶ್ನೆ ಇಡುವ ಮೊದಲು ಒಂದು ಕ್ಷಣ ಯೋಚಿಸಲಿ.