ಪೆದ್ದಿ ಎನಿಸಿಕೊಂಡ ಜಾಣೆ: ಗ್ರೇಸಿ ಅಲೆನ್

ಟಿವಿ, ಮೊಬೈಲು ಬರುವ ಮುಂಚೆ ರೇಡಿಯೊ ಎಂದರೆ ಮನೆಯವರಲ್ಲೇ ಒಬ್ಬರಿದ್ದಂತೆ. ಮುಖ ನೋಡದಿದ್ದರೂ ದನಿ ಕೇಳಿದೊಡನೆ ಇಂಥವರೇ ಎಂದು ಗುರುತು ಹಿಡಿಯುತ್ತಿದ್ದರು. 1930 ಮತ್ತು 40ರ ದಶಕಗಳಲ್ಲಿ ಅಮೆರಿಕದ ಮನೆಮನೆಗೂ ಹಾಗೆ ಪರಿಚಯವಾಗಿದ್ದ ಹೆಣ್ಣುದನಿ ಗ್ರೇಸಿ ಅಲೆನ್ ಅವರದು. ಗಂಡ ಜಾರ್ಜ್ ಬರ್ನ್ಸ್ ಜೊತೆ ಹಾಸ್ಯ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಅವರು ಕೇಳುಗರ ಪಾಲಿಗೆ ಏನೂ ತಿಳಿಯದ ಪೆದ್ದಿ. ಆದರೆ ಆ ಕಾರ್ಯಕ್ರಮ ನಿಂತಿದ್ದೇ ಅವರ ಜಾಣತನದ ಮೇಲೆ.

ಗ್ರೇಸಿ ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಐರಿಷ್ ಮೂಲದ ಕ್ಯಾಥೊಲಿಕ್ ಕುಟುಂಬದಲ್ಲಿ. ಹಳೆಯ ಜನಗಣತಿಯ ಪ್ರಕಾರ ಅದು 1895ನೇ ಇಸವಿ. ಅವರು ಮಾತ್ರ ತಮ್ಮ ವಯಸ್ಸನ್ನು ಕೊನೆಯವರೆಗೂ ಗುಟ್ಟಾಗಿಯೇ ಇಟ್ಟರು. ಚಿಕ್ಕಂದಿನಲ್ಲಿ ಕುದಿಯುತ್ತಿದ್ದುದನ್ನು ಮೈಮೇಲೆ ಬೀಳಿಸಿಕೊಂಡು ಒಂದು ತೋಳು ಸುಟ್ಟಿತ್ತು. ಆ ಕಲೆ ಕಾಣಬಾರದೆಂದು ಜೀವನಪೂರ್ತಿ ಉದ್ದ ತೋಳಿನ ಉಡುಪನ್ನೇ ತೊಟ್ಟರು. ಹಾಡು, ಕುಣಿತ ಮನೆಯಲ್ಲೇ ಇತ್ತು. ಅಕ್ಕಂದಿರ ಜೊತೆ ಹುಡುಗಿಯಾಗಿದ್ದಾಗಲೇ ರಂಗ ಹತ್ತಿದರು.

ಜಾರ್ಜ್ ಬರ್ನ್ಸ್ ಅವರ ಪರಿಚಯವಾದದ್ದು 1922ರಲ್ಲಿ. ಹಾಡು, ನೃತ್ಯ, ಹಾಸ್ಯ ಎಲ್ಲವೂ ಇದ್ದ ವೊಡ್‌ವಿಲ್ ಪ್ರದರ್ಶನಗಳ ಕಾಲವದು. ಇಬ್ಬರೂ ಜೋಡಿಯಾಗಿ ರಂಗಕ್ಕೆ ಬಂದಾಗ ಗ್ರೇಸಿ ಪ್ರಶ್ನೆ ಕೇಳಬೇಕು, ಜಾರ್ಜ್ ನಗೆ ಉಕ್ಕಿಸುವ ಉತ್ತರ ಕೊಡಬೇಕು ಎಂದು ಗೊತ್ತುಮಾಡಿಕೊಂಡಿದ್ದರು. ಆದದ್ದೇ ಬೇರೆ. ಗ್ರೇಸಿಯವರ ಬರೀ ಪ್ರಶ್ನೆಗೇ ಜನ ನಕ್ಕರು, ಜಾರ್ಜ್ ಅವರ ಉತ್ತರಕ್ಕೆ ಸುಮ್ಮನಿದ್ದರು. ಜಾರ್ಜ್ ಮುನಿಸಿಕೊಳ್ಳಲಿಲ್ಲ. ಪಾತ್ರ ಅದಲುಬದಲು ಮಾಡಿ ನಗೆಮಾತುಗಳನ್ನೆಲ್ಲ ಗ್ರೇಸಿಯವರಿಗೇ ಒಪ್ಪಿಸಿದರು. 1926ರ ಜನವರಿ 7ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಅವರ ಮದುವೆಯಾಯಿತು. ಹುಡುಗ ಯಹೂದಿ, ಹುಡುಗಿ ಕ್ಯಾಥೊಲಿಕ್. ಮುಂದೆ ಸಾಂಡ್ರಾ, ರೋನಿ ಎಂಬ ಇಬ್ಬರು ಮಕ್ಕಳನ್ನು ದತ್ತು ಪಡೆದು ಬೆಳೆಸಿದರು.

1929ರಲ್ಲಿ ಲಂಡನ್ನಿಗೆ ಹೋಗಿದ್ದಾಗ ಬಿಬಿಸಿಯಲ್ಲಿ ಈ ಜೋಡಿಯ ದನಿ ಕೇಳಿಬಂತು. ಅಮೆರಿಕದಲ್ಲಿ ಮೊದಲು ಕರೆ ಬಂದದ್ದು ಗ್ರೇಸಿ ಒಬ್ಬರಿಗೇ, ಎಡ್ಡಿ ಕ್ಯಾಂಟರ್ ಅವರ ಕಾರ್ಯಕ್ರಮಕ್ಕೆ. 1932ರಲ್ಲಿ ಇಬ್ಬರೂ ಸಿಬಿಎಸ್ ರೇಡಿಯೊ ಸೇರಿದರು. ಮರುವರ್ಷ ಗ್ರೇಸಿ ತಮ್ಮ ಸಹೋದರ ಕಳೆದುಹೋಗಿದ್ದಾನೆಂಬ ಹುಸಿ ಸುದ್ದಿ ಹಬ್ಬಿಸಿ, ಬೇರೆಯವರ ಕಾರ್ಯಕ್ರಮಗಳ ನಡುವೆಯೂ ನುಗ್ಗಿ ಅವನನ್ನು ಹುಡುಕತೊಡಗಿದರು. ದೇಶವೆಲ್ಲ ನಕ್ಕಿತು. ಆದರೆ ಅವರಿಗೆ ನಿಜಕ್ಕೂ ಒಬ್ಬ ಸಹೋದರನಿದ್ದ, ಲೆಕ್ಕಪತ್ರ ನೋಡಿಕೊಂಡು ತನ್ನ ಪಾಡಿಗೆ ತಾನಿದ್ದವ. ಜನರ ಕಾಟ ತಾಳಲಾರದೆ ಆ ಬಡಪಾಯಿ ತಲೆಮರೆಸಿಕೊಳ್ಳಬೇಕಾಯಿತು! 1940ರಲ್ಲಿ ಗ್ರೇಸಿ ಅಧ್ಯಕ್ಷ ಚುನಾವಣೆಗೆ ನಿಂತಂತೆ ನಟಿಸಿ, ಕಾಂಗರೂವನ್ನು ಪಕ್ಷದ ಗುರುತಾಗಿಸಿಕೊಂಡು ಪ್ರಚಾರವನ್ನೂ ಮಾಡಿದರು.

ಅವರ ಹಾಸ್ಯದ ಗುಟ್ಟು ಇದು: ಆ ಪಾತ್ರಕ್ಕೆ ತಾನು ತಮಾಷೆ ಮಾಡುತ್ತಿದ್ದೇನೆಂಬುದೇ ಗೊತ್ತಿಲ್ಲ. ಅವಳ ಲೆಕ್ಕದಲ್ಲಿ ಅವಳೇ ಸರಿ, ಲೋಕಕ್ಕೇ ಅರ್ಥವಾಗದು. ಆಸ್ಪತ್ರೆಯಲ್ಲಿರುವ ಗೆಳತಿಯನ್ನು ನೋಡಲು ಹೋಗುವಾಗ ಹೂ ತೆಗೆದುಕೋ ಎಂದು ಗಂಡ ಹೇಳಿದರೆ, ಅವಳು ಗೆಳತಿಯ ಕಣ್ತಪ್ಪಿಸಿ ಅಲ್ಲಿದ್ದ ಹೂವನ್ನೇ ತೆಗೆದುಕೊಂಡು ಬರುತ್ತಾಳೆ. ಇಂಥ ತಲೆಬುಡವಿಲ್ಲದ ಮಾತು ಆಡುವುದು ಸುಲಭವಲ್ಲ. ನೇರ ಮಾತಾದರೆ ಒಂದು ಮರೆತರೂ ಹಿಂದಿನದರಿಂದ ಮುಂದಿನದು ನೆನಪಾಗುತ್ತದೆ. ಇಲ್ಲಿ ಆ ಎಳೆಯೇ ಇಲ್ಲ. ಪ್ರತಿ ವಾಕ್ಯವನ್ನೂ ಹಾಗೆಹಾಗೇ ಬಾಯಿಪಾಠ ಮಾಡಬೇಕು, ಒಂದು ಪದ ಆಚೀಚೆಯಾದರೂ ನಗೆ ಬಾರದು.

1940ರ ದಶಕದ ಆರಂಭದಲ್ಲಿ ಕೇಳುಗರು ಕಡಿಮೆಯಾದರು. ನಡುವಯಸ್ಸಿನ ದಂಪತಿ ಇನ್ನೂ ಪ್ರೇಮಿಗಳಂತೆ ಚೆಲ್ಲಾಟವಾಡುವುದು ಹೊಂದುತ್ತಿಲ್ಲವೆಂದು ಜಾರ್ಜ್ ಅವರಿಗೆ ಹೊಳೆಯಿತು. ಅಂದಿನಿಂದ ರೇಡಿಯೊದಲ್ಲೂ ಗಂಡ ಹೆಂಡತಿಯಾದರು, ಜನ ಮತ್ತೆ ಹತ್ತಿರವಾದರು. 1950ರಲ್ಲಿ ಕಾರ್ಯಕ್ರಮ ಟಿವಿಗೆ ಬಂತು. ಎಂಟು ವರ್ಷ ಸಂಭಾಷಣೆಯ ದೊಡ್ಡ ಹೊರೆ ಗ್ರೇಸಿಯವರ ಹೆಗಲ ಮೇಲೇ ಇತ್ತು. ಅರೆತಲೆನೋವು ಕಾಡುತ್ತಿದ್ದರೂ ನೋಡುವವರಿಗೆ ಕಂಡದ್ದು ನಗುಮುಖವೇ. ಕೊನೆಗೆ 1958ರಲ್ಲಿ ಸಾಕು ಎಂದು ನಿವೃತ್ತರಾದರು.

ಜಾರ್ಜ್ ಒಬ್ಬರೇ ಕಾರ್ಯಕ್ರಮ ಮುಂದುವರಿಸಿದರು. ಅವೇ ನಟರು ಬಹುಮಟ್ಟಿಗೆ ಇದ್ದರೂ ಗ್ರೇಸಿ ಇರಲಿಲ್ಲ. ಅದು ಒಂದೇ ವರ್ಷದಲ್ಲಿ ನಿಂತುಹೋಯಿತು. 1964ರ ಆಗಸ್ಟ್ 27ರಂದು ಗ್ರೇಸಿ ಹೃದಯಾಘಾತದಿಂದ ತೀರಿಕೊಂಡರು. ಜಾರ್ಜ್ ನೂರು ವರ್ಷ ಬಾಳಿ, ಎಂಬತ್ತರ ವಯಸ್ಸಿನಲ್ಲಿ ಆಸ್ಕರ್ ಪ್ರಶಸ್ತಿಯನ್ನೂ ಪಡೆದರು. ಆದರೂ ಪ್ರತಿಭೆಯೆಲ್ಲ ಆಕೆಯದೇ ಎಂಬುದನ್ನು ಕೊನೆಯವರೆಗೂ ಸಾರುತ್ತಲೇ ಇದ್ದರು.

ನಿನಗೇನು ತಿಳಿಯುತ್ತದೆ ಎಂಬ ಮಾತನ್ನು ಒಮ್ಮೆಯಾದರೂ ಕೇಳದ ಹೆಣ್ಣು ನಮ್ಮಲ್ಲಿ ಯಾರಿದ್ದಾರೆ? ಗ್ರೇಸಿ ಆ ಮಾತನ್ನೇ ಬಂಡವಾಳ ಮಾಡಿಕೊಂಡು ಮೂವತ್ತಕ್ಕೂ ಹೆಚ್ಚು ವರ್ಷ ಲೋಕವನ್ನು ನಗಿಸಿದರು. ಪೆದ್ದಿಯಂತೆ ಕಾಣಲು ಎಷ್ಟು ಬುದ್ಧಿ ಬೇಕೆಂಬುದು ಪಕ್ಕದಲ್ಲೇ ನಿಂತಿದ್ದವರಿಗೆ ಮೊದಲ ದಿನವೇ ತಿಳಿದಿತ್ತು. ಅದನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದು ಆ ಸಂಸಾರದ ಚೆಲುವು.